"ಸಾರ್, ನೀಲಿ ಹೋಗ್ತಾನೇ ಇಲ್ಲ": ಜೊಲ್ಲು–ಸ್ಟಾರ್ಚ್ ಪ್ರಯೋಗ ಕೈಕೊಟ್ಟಾಗ ಎಲ್ಲೆಲ್ಲಿ ನೋಡಬೇಕು

ಮಗುವಿಗೆ ತಿನ್ನಿಸಿ ಉಳಿದ ರಾಗಿ ಸರಿಯನ್ನು ಬಟ್ಟಲಲ್ಲೇ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ನೋಡಿದ್ದೀರಾ? ಗಟ್ಟಿಯಾಗಿದ್ದ ಸರಿ ನೀರು ನೀರಾಗಿರುತ್ತದೆ. ಚಮಚದ ಜೊತೆ ಹೋದ ಎಂಜಲಿನ ಕೆಲಸ ಅದು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ (ಎನ್‌ಜೈಮ್) ಪಿಷ್ಟದ, ಅಂದರೆ ಸ್ಟಾರ್ಚಿನ, ಉದ್ದ ಸರಪಳಿಯನ್ನು ತುಂಡು ಮಾಡುತ್ತಾ ಹೋಗುತ್ತದೆ. ಅಡುಗೆಮನೆಯಲ್ಲಿ ಯಾರೂ ಕೇಳದೆ ನಡೆಯುವ ಈ ಕೆಲಸ ಲ್ಯಾಬಿನಲ್ಲಿ ಮಾತ್ರ, ಅದೂ ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ, ಕೈಕೊಡುತ್ತದೆ.

ದಾವಣಗೆರೆಯ ಒಂದು ಪಿಯು ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವನು ನಾನು. ಪ್ರತಿ ವರ್ಷ ಕೇಳುವ ಮಾತು ಒಂದೇ: "ಸಾರ್, ನನ್ನ ಎನ್‌ಜೈಮ್ ಸತ್ತೋಗಿದೆ." ಹೋಗಿ ನೋಡಿದರೆ ಎನ್‌ಜೈಮ್ ಚೆನ್ನಾಗಿಯೇ ಇರುತ್ತದೆ. ಹಾಳಾಗಿರುವುದು ಸ್ಟಾರ್ಚ್ ಇದ್ದರೆ ನೀಲಿಯಾಗಿ ತೋರಿಸುವ ಅಯೋಡಿನ್, ಇಲ್ಲವೇ ಸರಿಯಾಗಿ ತೊಳೆಯದ ಟ್ಯೂಬು, ಇಲ್ಲವೇ ಹುಡುಗರ ತಾಳ್ಮೆ. ಅದಕ್ಕೇ ಜೊಲ್ಲಿನ ಮೇಲೆ ತಪ್ಪು ಹೊರಿಸುವುದು ಕೊನೆಗೆ ಇರಲಿ. ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡೋಣ.

ಸರಿಯಾಗಿ ನಡೆದರೆ ಹೇಗೆ ಕಾಣಬೇಕು

ನಾವು ಬಳಸುವ ಅಳತೆ ಇದು: ಶೇ. 1ರ ಸ್ಟಾರ್ಚ್ 5 ಮಿ.ಲೀ., ಶೇ. 1ರ ಉಪ್ಪು ನೀರು 1 ಮಿ.ಲೀ., ಹತ್ತು ಪಟ್ಟು ತೆಳು ಮಾಡಿ ಸೋಸಿದ ಜೊಲ್ಲು 1 ಮಿ.ಲೀ. ಟ್ಯೂಬನ್ನು 37 ಡಿಗ್ರಿ ನೀರಿನಲ್ಲಿಡಿ. ಬಿಳಿ ಟೈಲ್ಸ್ ತುಂಡಿನ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಟ್ಟುಕೊಂಡು, ಪ್ರತಿ ಎರಡು ನಿಮಿಷಕ್ಕೊಮ್ಮೆ ಟ್ಯೂಬಿನಿಂದ ಒಂದು ಹನಿ ತೆಗೆದು ಅದಕ್ಕೆ ಬಿಡಿ.

ಮೊದಲು ಕಡುನೀಲಿ ಬರುತ್ತದೆ. ಅಂದರೆ ಸ್ಟಾರ್ಚ್ ಇನ್ನೂ ಇಡಿಯಾಗಿದೆ. ಆಮೇಲೆ ನೇರಳೆ, ಕೆಂಪು ಮಿಶ್ರಿತ ಕಂದು. ಸರಪಳಿ ಅರ್ಧಂಬರ್ಧ ತುಂಡಾಗಿದೆ ಅಂತ ಅರ್ಥ. ಕೊನೆಗೆ ಅಯೋಡಿನ್ನಿನದೇ ಹಳದಿ–ಕಂದು ಬಣ್ಣ ಉಳಿಯುತ್ತದೆ. ಅಲ್ಲಿಗೆ ಅಯೋಡಿನ್ ಹಿಡಿದುಕೊಳ್ಳುವಷ್ಟು ಉದ್ದದ ತುಂಡು ಯಾವುದೂ ಇಲ್ಲ. ನಮ್ಮಲ್ಲಿ ಇದು ಸಾಮಾನ್ಯವಾಗಿ ನಾಲ್ಕರಿಂದ ಹತ್ತು ನಿಮಿಷದೊಳಗೆ ಆಗುತ್ತದೆ.

ಇದರ ಜೊತೆ ಎರಡು ಟ್ಯೂಬು ಜಾಸ್ತಿ ಇಡಿ. ಒಂದರಲ್ಲಿ ಜೊಲ್ಲಿನ ಬದಲು ಬರೀ ನೀರು. ಇನ್ನೊಂದರಲ್ಲಿ ಚೆನ್ನಾಗಿ ಕುದಿಸಿ ಆರಿಸಿದ ಜೊಲ್ಲು. ಇವೆರಡೂ ಕೊನೆಯವರೆಗೂ ನೀಲಿಯಾಗಿಯೇ ಇರಬೇಕು. "ಟೈಮ್ ವೇಸ್ಟ್ ಸಾರ್" ಅಂತ ಬಿಡುವವರೇ ಜಾಸ್ತಿ. ಆದರೆ ಮುಂದೆ ಹೇಳುವ ದೋಷಗಳಲ್ಲಿ ಅರ್ಧದಷ್ಟನ್ನು ಈ ಎರಡು ಟ್ಯೂಬುಗಳೇ ಹಿಡಿದುಕೊಡುತ್ತವೆ.

ಮೊದಲ ಹನಿಯಲ್ಲೇ ನೀಲಿ ಬರಲಿಲ್ಲ

ಬರೀ ನೀರಿನ ಟ್ಯೂಬು ನೋಡಿ. ಅದರಲ್ಲಿ ನೀಲಿ ಬಂದು, ಜೊಲ್ಲಿನ ಟ್ಯೂಬಲ್ಲಿ ಮಾತ್ರ ಬಾರದಿದ್ದರೆ ಖುಷಿಪಡಿ. ನಿಮ್ಮ ಜೊಲ್ಲು ಅಷ್ಟು ಚುರುಕು, ನೀವು ಗಡಿಯಾರ ನೋಡುವಷ್ಟರಲ್ಲಿ ಕೆಲಸ ಮುಗಿಸಿದೆ. ಐವತ್ತು ಪಟ್ಟು ತೆಳು ಮಾಡಿ ಮತ್ತೆ ನೋಡಿ. ಎಲ್ಲರ ಬಾಯಲ್ಲೂ ಅಮೈಲೇಸ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಅದನ್ನು ತಯಾರಿಸುವ ಜೀನ್‌ನ ಪ್ರತಿಗಳೇ ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಜಾಸ್ತಿ.

ನೀರಿನ ಟ್ಯೂಬಲ್ಲೂ ನೀಲಿ ಇಲ್ಲ ಅಂದರೆ ಜೊಲ್ಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಒಂದು ಕಾಳು ಮಂಡಕ್ಕಿ ತೆಗೆದುಕೊಂಡು ಅದರ ಮೇಲೆ ಅಯೋಡಿನ್ ಹನಿ ಬಿಡಿ. ನಮ್ಮೂರಲ್ಲಿ ಮಂಡಕ್ಕಿಗೆ ಬರವೇ? ಅಟೆಂಡರ್ ಟೇಬಲ್ ಮೇಲೆ ಯಾವಾಗಲೂ ಒಂದು ಪೊಟ್ಟಣ ಇದ್ದೇ ಇರುತ್ತದೆ. ಕಾಳು ತಕ್ಷಣ ಕಪ್ಪುನೀಲಿ ಆದರೆ ಅಯೋಡಿನ್ ಸರಿ ಇದೆ, ಸ್ಟಾರ್ಚ್ ದ್ರಾವಣವೋ ಟ್ಯೂಬೋ ಕೆಟ್ಟಿದೆ. ಆಗದಿದ್ದರೆ ಅಯೋಡಿನ್ನೇ ಸತ್ತಿದೆ. ಮುಚ್ಚಳ ಸಡಿಲವಾಗಿದ್ದರೆ ಅಯೋಡಿನ್ ಆವಿಯಾಗಿ ಹೋಗುತ್ತದೆ. ಅದಕ್ಕೇ ಕಂದು ಬಾಟಲಿ, ಬಿಗಿ ಮುಚ್ಚಳ. ಹಾಲು ಹಾಕದ ತಿಳಿ ಟೀ ಬಣ್ಣ ಇದ್ದರೆ ಸಾಕು. ಪಡಬಾರದಷ್ಟು ಪೇಚಾಟ ಬೇಡ, ಮೆಡಿಕಲ್ ಶಾಪಿನ ಟಿಂಕ್ಚರ್ ಅಯೋಡಿನ್ ತಂದು ನೀರು ಬೆರೆಸಿಕೊಳ್ಳಿ. ಅದನ್ನು ಬೆಂಕಿಯಿಂದ ದೂರ ಇಡಿ, ಅದರಲ್ಲಿ ಸ್ಪಿರಿಟ್ ಇರುತ್ತದೆ.

ಮಂಡಕ್ಕಿ ನೀಲಿಯಾಯ್ತು, ಟ್ಯೂಬು ಆಗಲಿಲ್ಲ. ಆಗ ಟ್ಯೂಬು ಮುಟ್ಟಿ ನೋಡಿ. ಬಿಸಿ ಇದೆಯಾ? ಅಯೋಡಿನ್ ಸ್ಟಾರ್ಚಿನ ಸುರುಳಿಯೊಳಗೆ ಹೋಗಿ ಕೂರುವುದರಿಂದ ನೀಲಿ ಕಾಣುತ್ತದೆ. ಬಿಸಿಯಲ್ಲಿ ಅದು ಅಲ್ಲಿ ನಿಲ್ಲುವುದಿಲ್ಲ, ಬಣ್ಣ ಮಾಯ. ತಣ್ಣಗಾದರೆ ತಾನಾಗೇ ವಾಪಸ್ ಬರುತ್ತದೆ. ಸ್ಟಾರ್ಚ್ ಆಗಷ್ಟೇ ಕುದಿಸಿ ತಂದವರಿಗೆ ಇದು ಗ್ಯಾರಂಟಿ.

ತಣ್ಣಗಿದ್ದೂ ನೀಲಿ ಇಲ್ಲದಿದ್ದರೆ ಟ್ಯೂಬಿಗೆ ಕೆಂಪು ಲಿಟ್ಮಸ್ ಅದ್ದಿ. ನೀಲಿಗೆ ತಿರುಗಿದರೆ ಕ್ಷಾರ ಉಳಿದಿದೆ: ಸೋಪಿನ ಪುಡಿ, ಕಾಸ್ಟಿಕ್ ಸೋಡಾ, ಹಿಂದಿನ ಬ್ಯಾಚಿನವರು ಸಕ್ಕರೆ ಪತ್ತೆಗೆ ಬಳಸಿದ ಬೆನೆಡಿಕ್ಟ್ ದ್ರಾವಣ, ಯಾವುದಾದರೂ ಒಂದು. ಕ್ಷಾರ ಅಯೋಡಿನ್ನಿನ ಬಣ್ಣವನ್ನೇ ತೆಗೆದುಬಿಡುತ್ತದೆ. ಹುಡುಗರು ಇದನ್ನು "ಒಂದೇ ಸೆಕೆಂಡಿಗೆ ಸ್ಟಾರ್ಚ್ ಜೀರ್ಣ" ಅಂತ ರೆಕಾರ್ಡಿನಲ್ಲಿ ಬರೆದದ್ದನ್ನು ನೋಡಿದ್ದೇನೆ. ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಕಿಣ್ವ ಕೆಲಸ ಮಾಡಿದ್ದರೆ ಹಳದಿ–ಕಂದು ಬಣ್ಣ ಉಳಿಯುತ್ತದೆ. ಪೂರ್ತಿ ಬಿಳಿಚಿ ನೀರಿನಂತೆ ಆಗಿದ್ದರೆ ಅದು ಕಿಣ್ವದ ಕೆಲಸ ಅಲ್ಲ, ಅಯೋಡಿನ್ನನ್ನೇ ಯಾವುದೋ ತಿಂದಿದೆ. ವಿಟಮಿನ್ ಸಿ ಕೂಡ ಹೀಗೇ ಮಾಡುತ್ತದೆ. ಪರೀಕ್ಷೆಗೆ ಮುಂಚೆ ಹುಳಿ ಮಾತ್ರೆ ಚೀಪಿಕೊಂಡು ಬಂದವರು ನೆನಪಿಡಿ.

ನೀಲಿ ಹೋಗುತ್ತಲೇ ಇಲ್ಲ

ಇದೇ ದೊಡ್ಡ ದೂರು. ಆತುರ ಬೇಡ, ಒಂದೊಂದಾಗಿ ನೋಡಿ.

ಎಷ್ಟು ನಿಮಿಷ ಆಯ್ತು? ಐದು ನಿಮಿಷಕ್ಕೇ ಕೈಚೆಲ್ಲಿದ್ದರೆ ಇನ್ನೂ ಹದಿನೈದು ನಿಮಿಷ ಕೊಡಿ. ನೀಲಿ ನಿಧಾನವಾಗಿ ನೇರಳೆಯತ್ತ ವಾಲುತ್ತಿದ್ದರೆ ಎನ್‌ಜೈಮ್ ಬದುಕಿದೆ, ಸೋಮಾರಿ ಅಷ್ಟೇ.

ನೀರು ಎಷ್ಟು ಬೆಚ್ಚಗಿದೆ? ನಮ್ಮ ಪ್ರಾಕ್ಟಿಕಲ್‌ಗಳು ಹೆಚ್ಚಾಗಿ ಚಳಿ ದಿನಗಳಲ್ಲಿ ಬರುತ್ತವೆ. ಬೆಳಗಿನ ಬ್ಯಾಚಿಗೆ ಲ್ಯಾಬಿನ ಒಳಗೆ ತಣ್ಣಗಿರುತ್ತದೆ. ಹತ್ತು ಡಿಗ್ರಿ ಕಮ್ಮಿಯಾದರೆ ವೇಗ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಏಪ್ರಿಲ್ ಮಧ್ಯಾಹ್ನವಾದರೆ ದಾವಣಗೆರೆಯ ಬಿಸಿಲೇ ವಾಟರ್ ಬಾತ್, ಸುಮ್ನೆ ಮೇಜಿನ ಮೇಲಿಟ್ಟರೂ ನಡೆಯುತ್ತದೆ. ಥರ್ಮಾಮೀಟರನ್ನು ಬಾತ್ ನೀರಿಗಲ್ಲ, ಟ್ಯೂಬಿನೊಳಗೆ ಇಟ್ಟು ನೋಡಿ. ಹೊರಗೆ 37 ಇದ್ದು ಒಳಗೆ 25 ಇರುವುದು ಮಾಮೂಲಿ.

ಸ್ಟಾರ್ಚ್ ಹೇಗೆ ಮಾಡಿದಿರಿ? ಪುಡಿಯನ್ನು ನೇರವಾಗಿ ಬಿಸಿ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಮುದ್ದೆ ತೊಳಸುವಾಗ ಗಂಟಾದ ಹಾಗೆ, ಒಳಗಿನ ಹಿಟ್ಟು ಬೇಯುವುದೇ ಇಲ್ಲ. ಕಿಣ್ವಕ್ಕೆ ಸಿಗುವುದು ಗಂಟಿನ ಮೇಲ್ಮೈ ಮಾತ್ರ. 1 ಗ್ರಾಂ ಪುಡಿಯನ್ನು ಮೊದಲು ಸ್ವಲ್ಪ ತಣ್ಣೀರಲ್ಲಿ ಕಲಸಿ, ಕುದಿಯುವ ನೀರಿಗೆ ಹಾಕಿ ತಿರುವಿ, 100 ಮಿ.ಲೀ. ಮಾಡಿಕೊಳ್ಳಿ. ಅವತ್ತಿನದನ್ನು ಅವತ್ತೇ ಬಳಸಿ. ಅಳತೆ ಇಲ್ಲದೆ ಗಂಜಿಯಂತೆ ದಪ್ಪ ಮಾಡಿದ್ದರೆ ಅರ್ಧಕ್ಕೆ ತೆಳು ಮಾಡಿದರೆ ಸಾಕು, ಎಷ್ಟೋ ಸಲ ಅಲ್ಲಿಗೇ ಗೋಳು ಮುಗಿಯುತ್ತದೆ.

ಅಯೋಡಿನ್ನನ್ನು ಟ್ಯೂಬಿಗೇ ಸುರಿದು ಬಣ್ಣ ಹೋಗಲಿ ಅಂತ ಕಾಯುತ್ತಾ ಕೂತಿದ್ದೀರಾ? ಹಾಗೆ ಮಾಡಬೇಡಿ. ಅಯೋಡಿನ್ ಕಿಣ್ವಕ್ಕೂ ತೊಂದರೆ ಕೊಡುತ್ತದೆ. ಹನಿ ಹೊರಗೆ ತೆಗೆದೇ ನೋಡಬೇಕು.

ಉಪ್ಪು ಹಾಕಿದಿರಾ? ಇದನ್ನು ಮರೆಯುವವರು ಬಹಳ. ಜೊಲ್ಲಿನ ಅಮೈಲೇಸಿಗೆ ಕ್ಲೋರೈಡ್ ಬೇಕು. ಅದು ಸಿಕ್ಕರೆ ಚುರುಕಾಗುತ್ತದೆ. ಕ್ಯಾಲ್ಸಿಯಂ ಅದರ ಮೈಕಟ್ಟನ್ನು ಹಿಡಿದಿಡುತ್ತದೆ. ಬೋರ್ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬಳಸಿ ಎಂದು ನಾವೇ ಹೇಳುತ್ತೇವೆ. ಅದರಲ್ಲಿ ಉಪ್ಪೂ ಇಲ್ಲ, ಏನೂ ಇಲ್ಲ. ಆಮೇಲೆ ಕಿಣ್ವ ನಿಧಾನ ಎಂದು ಬೈಯುತ್ತೇವೆ. ಒಂದು ಚಿಟಿಕೆ ಅಡುಗೆ ಉಪ್ಪು ಬೆರೆಸಿದ ನೀರು 1 ಮಿ.ಲೀ. ಸೇರಿಸಿ ನೋಡಿ. ಡಿಸ್ಟಿಲ್ಡ್ ವಾಟರ್ ಮುಗಿದಾಗ ಬ್ಯಾಟರಿ ಅಂಗಡಿಯಿಂದ ನೀರು ತರುವವರು ಕ್ಯಾನಿನ ಮೇಲೆ ಬರೆದಿರುವುದನ್ನು ಎರಡು ಸಲ ಓದಿ. ಪಕ್ಕದ ಕ್ಯಾನಿನಲ್ಲಿ ಬ್ಯಾಟರಿ ಆಸಿಡ್ ಇರುತ್ತದೆ, ಅದು ಗಂಧಕಾಮ್ಲ.

ಈಗ ಜೊಲ್ಲಿನ ಸರದಿ. ಕಳೆದ ವರ್ಷ ಚನ್ನಗಿರಿ ಕಡೆಯ ಒಬ್ಬ ಹುಡುಗ ಇಪ್ಪತ್ತೈದು ನಿಮಿಷ ಕಾದ. ಟೈಲ್ಸ್ ಮೇಲೆ ಹನ್ನೆರಡು ಹನಿ, ಹನ್ನೆರಡೂ ಕಡುನೀಲಿ. ಪಕ್ಕದ ಹುಡುಗಿಯದು ಆರನೇ ನಿಮಿಷಕ್ಕೇ ಮುಗಿದಿತ್ತು. ಅದೇ ಸ್ಟಾರ್ಚ್, ಅದೇ ಅಯೋಡಿನ್, ಅದೇ ಬಾತ್. ಅವನ ಜೊಲ್ಲಿನ ಬೀಕರನ್ನು ಬೆಳಕಿಗೆ ಹಿಡಿದೆ. ತಳದಲ್ಲಿ ಸಣ್ಣಗೆ ಕೆಂಪು ಛಾಯೆ.

"ಏನಪ್ಪಾ, ಅಡಿಕೆ ಹಾಕಿದ್ಯಾ?"

"ಇಲ್ಲ ಸಾರ್."

ನಾನು ಸುಮ್ಮನೆ ನೋಡಿದೆ.

"ಒಂದೇ ಹೋಳು ಸಾರ್. ನಿದ್ದೆ ಬರ್ತಿತ್ತು ಅಂತ."

ಅಡಿಕೆಯ ಒಗರು ಅಂದರೆ ಟ್ಯಾನಿನ್. ಅದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ನಾಲಿಗೆ ಜಡ್ಡುಗಟ್ಟಿದಂತೆ ಆಗುವುದೂ ಜೊಲ್ಲಿನ ಪ್ರೋಟೀನುಗಳನ್ನು ಅದು ಹಿಡಿಯುವುದರಿಂದಲೇ. ಅಮೈಲೇಸ್ ಕೂಡ ಪ್ರೋಟೀನೇ ತಾನೇ? ಜೊತೆಗೆ ಎಲೆಗೆ ಸುಣ್ಣ ಹಚ್ಚಿದ್ದರೆ ಜೊಲ್ಲು ಕ್ಷಾರವಾಗುತ್ತದೆ. ಈ ಕಿಣ್ವಕ್ಕೆ ಹಿತವಾದ ಪಿಎಚ್ (ಆಮ್ಲ–ಕ್ಷಾರದ ಅಳತೆ) 7ರ ಆಸುಪಾಸು. ಖಡಕ್ ಟೀ ಕುಡಿದು ಬಂದವರಿಗೂ ಟ್ಯಾನಿನ್ ಕಾಟ ಇದೆ. ಆ ಹುಡುಗನಿಗೆ ಮೂರು ಸಲ ಬಾಯಿ ಮುಕ್ಕಳಿಸಿ, ಕಾಲು ಗಂಟೆ ಬಿಟ್ಟು, ಹೊಸದಾಗಿ ಜೊಲ್ಲು ತೆಗೆಯಲು ಹೇಳಿದೆ. ಎಂಟನೇ ನಿಮಿಷಕ್ಕೆ ನೀಲಿ ಹೋಯಿತು.

ಬಾಯಿಯೂ ಶುಚಿ, ಉಪ್ಪೂ ಇದೆ, ಬಿಸಿಯೂ ಸರಿ, ಆದರೂ ನೀಲಿ ಹಾಗೇ ಇದೆ ಅಂದರೆ ನೀಲಿ ಲಿಟ್ಮಸ್ ಅದ್ದಿ. ಕೆಂಪಾದರೆ ಟ್ಯೂಬಿನಲ್ಲಿ ಆಮ್ಲ ಉಳಿದಿದೆ. ಹೊಟ್ಟೆಗೆ ಇಳಿದ ಮೇಲೆ ಈ ಕಿಣ್ವ ಕೆಲಸ ನಿಲ್ಲಿಸುವುದೂ ಅಲ್ಲಿನ ಆಮ್ಲದಿಂದಲೇ. ಕೊನೆಯದಾಗಿ ಪಕ್ಕದವರ ಜೊಲ್ಲನ್ನು ಅವರ ಕೈಯಿಂದಲೇ ನಿಮ್ಮ ಸ್ಟಾರ್ಚಿಗೆ ಹಾಕಿಸಿ ನೋಡಿ. ಅದು ಕೆಲಸ ಮಾಡಿದರೆ ನಿಮ್ಮ ಜೊಲ್ಲಿನಲ್ಲಿ ಕಿಣ್ವ ಕಡಿಮೆ. ಹತ್ತು ಪಟ್ಟಿನ ಬದಲು ಮೂರು ಪಟ್ಟು ಮಾತ್ರ ತೆಳು ಮಾಡಿ. ಇದು ಕಾಯಿಲೆ ಅಲ್ಲ, ಗಾಬರಿ ಬೇಡ.

ಕುದಿಸಿದ ಜೊಲ್ಲಿನ ಟ್ಯೂಬಲ್ಲೂ ನೀಲಿ ಹೋಯ್ತು

ಡ್ರಾಪರ್ ಎಷ್ಟಿವೆ ಎಣಿಸಿ. ಎಲ್ಲಾ ಟ್ಯೂಬಿಗೂ ಒಂದೇ ಡ್ರಾಪರ್ ಆಗಿದ್ದರೆ ಉತ್ತರ ಸಿಕ್ಕಿತು. ಕಿಣ್ವ ಕೆಲಸ ಮಾಡಿ ಖರ್ಚಾಗುವುದಿಲ್ಲ, ಒಂದು ಹನಿ ಹೋದರೂ ಕತ್ತರಿಸುತ್ತಲೇ ಇರುತ್ತದೆ.

ಡ್ರಾಪರ್ ಬೇರೆ ಬೇರೆ ಇದ್ದರೆ, ಕುದಿಸಿದ್ದು ಹೇಗೆ ಎಂದು ಕೇಳಿಕೊಳ್ಳಿ. ಕುದಿಯುವ ನೀರಿನಲ್ಲಿ ಟ್ಯೂಬಿನ ತುದಿ ಮಾತ್ರ ಮುಳುಗಿದ್ದರೆ ಮೇಲಿನ ಗೋಡೆಗೆ ಅಂಟಿದ ಜೊಲ್ಲು ಬೇಯುವುದಿಲ್ಲ. ಐದು ನಿಮಿಷ, ಪೂರ್ತಿ ಮುಳುಗಿರಬೇಕು.

ಬಿಸಿ–ತಂಪಿನ ಪರಿಣಾಮ ನೋಡಲು ಐಸಿನಲ್ಲಿಟ್ಟ ಟ್ಯೂಬಿನ ಕಥೆ ಬೇರೆ. ತಣ್ಣಗಿದ್ದಾಗ ಕಿಣ್ವ ಮಲಗಿರುತ್ತದೆ, ಸತ್ತಿರುವುದಿಲ್ಲ. ಐಸಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಹರಟೆ ಹೊಡೆದರೆ ಎಚ್ಚರವಾಗಿ ಕೆಲಸ ಶುರು ಮಾಡುತ್ತದೆ. ಕುದಿಸಿದ್ದು ಹಾಗಲ್ಲ. ಮೊಟ್ಟೆ ಬೇಯಿಸಿದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಮತ್ತೆ ಹಸಿ ಆಗುತ್ತದಾ?

50 ಡಿಗ್ರಿ ಟ್ಯೂಬು 37ರದ್ದನ್ನು ಹಿಂದೆ ಹಾಕಿತು

ಇದು ದೋಷವೇ ಅಲ್ಲ. ಬಿಸಿ ಜಾಸ್ತಿಯಾದಂತೆ ಕತ್ತರಿಸುವ ವೇಗವೂ ಏರುತ್ತದೆ, ಕಿಣ್ವ ಕೆಡುವ ವೇಗವೂ ಏರುತ್ತದೆ. ಐದು ನಿಮಿಷದ ಓಟದಲ್ಲಿ 50 ಡಿಗ್ರಿ ಟ್ಯೂಬು ಕೆಡುವ ಮೊದಲೇ ಗುರಿ ಮುಟ್ಟಬಹುದು. ಅರ್ಧ ಗಂಟೆಯ ಓಟವಾದರೆ 37ರದ್ದು ದಮ್ಮು ಹಿಡಿದು ನಿಲ್ಲುತ್ತದೆ. ಕಂಡದ್ದನ್ನೇ ಬರೆಯಿರಿ. ಸೀನಿಯರ್ ರೆಕಾರ್ಡು ನೋಡಿ ಗ್ರಾಫನ್ನು 37ಕ್ಕೆ ಬಗ್ಗಿಸಿದರೆ ನಮಗೆ ಗೊತ್ತಾಗುತ್ತದೆ.

ರಾಗಿ ಮಾಲ್ಟ್ ಹಾಕಿದೆ, ಏನೂ ಆಗಲಿಲ್ಲ

ಎಂಜಲು ಕೊಡಲು ಮುಜುಗರಪಡುವವರು ಇದ್ದೇ ಇರುತ್ತಾರೆ. ಒತ್ತಾಯ ಮಾಡಬಾರದು. ಮೊಳಕೆ ಕಾಳಿನಲ್ಲೂ ಅಮೈಲೇಸ್ ಇದೆ. 1833ರಲ್ಲಿ ಫ್ರಾನ್ಸಿನ ಪೇಯನ್ ಮತ್ತು ಪೆರ್ಸೋ ಮೊಳಕೆ ಬಾರ್ಲಿಯಿಂದ ಬೇರ್ಪಡಿಸಿದ ಡಯಾಸ್ಟೇಸ್ ಇದೇ ಜಾತಿಯದು. ಕಿಣ್ವಗಳ ಹೆಸರಿನ ಕೊನೆಗೆ ಬರುವ "ಏಸ್" ಬಂದದ್ದೂ ಅದರಿಂದಲೇ. ನಮಗೆ ಬಾರ್ಲಿ ಯಾಕೆ, ಹೊಸದುರ್ಗದ ಕಡೆಯ ರಾಗಿ ಇದೆಯಲ್ಲ.

ಅಂಗಡಿಯ ಮಾಲ್ಟ್ ಪುಡಿ ಕೆಲಸ ಮಾಡದಿದ್ದರೆ ಆಶ್ಚರ್ಯವಿಲ್ಲ. ಘಮ ಬರಲಿ ಅಂತ ಹುರಿದಿರುತ್ತಾರೆ. ಹುರಿದಾಗಲೇ ಕಿಣ್ವ ಹೋಯಿತು. ಮನೆಯಲ್ಲೇ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಎರಡು ಮೂರು ದಿನದ ಮೊಳಕೆ ಬಂದ ಮೇಲೆ ಹುರಿಯದೆ ತಣ್ಣೀರಲ್ಲಿ ಅರೆದು ಸೋಸಿ. ಒಂದು ಎಚ್ಚರ: ಆ ತಿಳಿಯಲ್ಲಿ ರಾಗಿಯದೇ ಸ್ಟಾರ್ಚೂ ಸಕ್ಕರೆಯೂ ಇರುತ್ತವೆ. ಬಿಳಿ ಗಸಿ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಿ. ಇದಕ್ಕೆ ಜೊಲ್ಲಿನದಕ್ಕಿಂತ ಸ್ವಲ್ಪ ಹುಳಿ, ಸ್ವಲ್ಪ ಜಾಸ್ತಿ ಬಿಸಿ ಹಿಡಿಸುತ್ತದೆ.

ಬೆನೆಡಿಕ್ಟ್ ಬಣ್ಣ ಉಲ್ಟಾ

ಸ್ಟಾರ್ಚ್ ತುಂಡಾದ ಮೇಲೆ ಮಾಲ್ಟೋಸ್ ಎಂಬ ಸಕ್ಕರೆ ಹುಟ್ಟುತ್ತದೆ. ಬೆನೆಡಿಕ್ಟ್ ದ್ರಾವಣದ ಜೊತೆ ಬಿಸಿ ಮಾಡಿದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಹಸಿರಿಗೇ ನಿಂತರೆ ಸಕ್ಕರೆ ಕಡಿಮೆ, ಸೋತಂತಲ್ಲ. ನೀಲಿಯಾಗೇ ಉಳಿದರೆ ದ್ರಾವಣ ಜಾಸ್ತಿ ಸುರಿದಿದ್ದೀರಿ, ಇಲ್ಲವೇ ಟ್ಯೂಬಿನ ಆಮ್ಲ ಅದರಲ್ಲಿನ ಸೋಡಾವನ್ನು ಕೊಂದಿದೆ. ಶುರುವಿನಲ್ಲೇ ಕೆಂಪಾದರೆ ಬಿಸ್ಕತ್ತು ತಿಂದ ಬಾಯಿಯ ಜೊಲ್ಲು, ಅಥವಾ ಮೇಲೆ ಹೇಳಿದ ರಾಗಿಯ ಸಕ್ಕರೆ. ಬಿಸಿ ಮಾಡುವುದು ಕುದಿಯುವ ನೀರಿನ ಬೀಕರಿನಲ್ಲಿ. ನೇರ ಉರಿಗೆ ಹಿಡಿದರೆ ಒಮ್ಮೆಲೇ ಚಿಮ್ಮುತ್ತದೆ, ಟ್ಯೂಬಿನ ಬಾಯಿ ಯಾರ ಮುಖದ ಕಡೆಗೂ ಬೇಡ.

ಆಲೂಗಡ್ಡೆಗೆ ಪೆರಾಕ್ಸೈಡ್ ಹಾಕಿದರೆ ನೊರೆ ಬರಲಿಲ್ಲ

ಇದು ಇನ್ನೊಂದು ಕಿಣ್ವ, ಕ್ಯಾಟಲೇಸ್. ಹೈಡ್ರೋಜನ್ ಪೆರಾಕ್ಸೈಡನ್ನು ನೀರು, ಆಮ್ಲಜನಕ ಎಂದು ಒಡೆಯುತ್ತದೆ. ಮೊದಲು ಗಡ್ಡೆ ಹಸಿಯದೇ ಎಂದು ನೋಡಿ, ತುರಿದು ಹಾಕಿ. ಆದರೂ ನೊರೆ ಇಲ್ಲದಿದ್ದರೆ ಬೇರೆ ಟ್ಯೂಬಿನಲ್ಲಿ ಸ್ವಲ್ಪ ಪೆರಾಕ್ಸೈಡಿಗೆ ಲ್ಯಾಬಿನ ಮ್ಯಾಂಗನೀಸ್ ಡೈಆಕ್ಸೈಡ್ ಚಿಟಿಕೆ ಹಾಕಿ. ಅದಕ್ಕೆ ಬುರುಗು ಬಂದರೆ ದೋಷ ಗಡ್ಡೆಯದು. ಅದಕ್ಕೂ ಬಾರದಿದ್ದರೆ ಪೆರಾಕ್ಸೈಡ್ ಹಳತಾಗಿ ಬರೀ ನೀರಾಗಿದೆ. ಮೆಡಿಕಲ್ ಶಾಪಿನ "20 ವಾಲ್ಯೂಮ್" ಬಾಟಲಿ ಅಂದರೆ ಸುಮಾರು ಶೇ. 6ರದ್ದು. 1 ಮಿ.ಲೀ.ಯಿಂದ 20 ಮಿ.ಲೀ. ಆಮ್ಲಜನಕ ಬರುತ್ತದೆ. ಅರ್ಧಕ್ಕೆ ತೆಳು ಮಾಡಿದರೂ ಸಾಕು. ಕೆಂಡವಿರುವ ಊದಿನಕಡ್ಡಿಯನ್ನು ಟ್ಯೂಬಿನ ಬಾಯಿಗೆ ಹಿಡಿದರೆ ಕೆಂಡ ಧಗ್ಗನೆ ಬೆಳಗಬೇಕು. ಟ್ಯೂಬಿಗೆ ಬಿರಡೆ ಮಾತ್ರ ಹಾಕಬೇಡಿ.

ಯಾವಾಗ ಕೈ ತೆಗೆದು ಕರೆಯಬೇಕು

ಶೇ. 30ರ ಪೆರಾಕ್ಸೈಡ್ ಬಾಟಲಿ ಕಂಡರೆ ಮುಟ್ಟಬೇಡಿ, ಲೆಕ್ಚರರ್ ಅವರನ್ನೇ ಕರೆಯಿರಿ. ಚರ್ಮ ಬೆಳ್ಳಗಾಗಿ ಉರಿಯುತ್ತದೆ. ಕಣ್ಣಿಗೆ ಏನೇ ಚಿಮ್ಮಿದರೂ ಹದಿನೈದು ನಿಮಿಷ ನಲ್ಲಿ ನೀರು, ಆಮೇಲೆ ಆಸ್ಪತ್ರೆ. ಜ್ವರ, ಕೆಮ್ಮು, ಬಾಯಿಹುಣ್ಣು ಇದ್ದವರು ಜೊಲ್ಲು ಕೊಡುವುದು ಬೇಡ. ಅವರವರ ಜೊಲ್ಲನ್ನು ಅವರವರೇ ಮುಟ್ಟಬೇಕು, ಪಿಪೆಟ್ಟನ್ನು ಬಾಯಲ್ಲಿ ಎಳೆಯಬಾರದು. ಎರಡು ಸಲ ಹೊಸ ಸ್ಟಾರ್ಚ್, ಹೊಸ ಟ್ಯೂಬಲ್ಲಿ ಮಾಡಿದರೂ ಇಡೀ ಬ್ಯಾಚಿಗೆ ಒಂದೇ ತೊಂದರೆ ಬರುತ್ತಿದ್ದರೆ ನೀವು ಹುಡುಕುತ್ತಾ ಕೂರಬೇಡಿ. ದೋಷ ನಿಮ್ಮ ಮೇಜಿನದಲ್ಲ, ನಮ್ಮ ಸ್ಟೋರಿನದು.

ಒಮ್ಮೆ ಹಾಗೇ ಆಯಿತು. ಇಪ್ಪತ್ತು ಜನರ ಬ್ಯಾಚು, ಇಪ್ಪತ್ತು ಟೈಲ್ಸಿನ ಮೇಲೂ ಅಯೋಡಿನ್ ಬೆಳ್ಳಗೆ. ಮಂಡಕ್ಕಿ ಕಾಳು ಕಪ್ಪಗಾಗುತ್ತಿತ್ತು, ಲಿಟ್ಮಸ್ ಹಾಕಿದರೆ ಅದೂ ಬಿಳಿಚಿಕೊಳ್ಳುತ್ತಿತ್ತು. ಒಂದು ಟ್ಯೂಬು ಮೂಗಿನ ಹತ್ತಿರ ತಂದೆ: ಈಜುಕೊಳದ ವಾಸನೆ. ಹಿಂದಿನ ಸಂಜೆ ಜೊಲ್ಲಿನ ಟ್ಯೂಬುಗಳನ್ನೆಲ್ಲ ಬ್ಲೀಚಿಂಗ್ ಪುಡಿ ನೀರಿನಲ್ಲಿ ನೆನೆಹಾಕಿದ್ದು ನಾನೇ, ಬಸ್ಸಿಗೆ ಹೊತ್ತಾಯ್ತು ಅಂತ ಒಂದೇ ನೀರಿನಲ್ಲಿ ಜಾಲಿಸಿ ಹೋದದ್ದೂ ನಾನೇ. ಬ್ಲೀಚು ಅಯೋಡಿನ್ನನ್ನೂ ಬಿಡುವುದಿಲ್ಲ, ಕಿಣ್ವವನ್ನೂ ಬಿಡುವುದಿಲ್ಲ. ಆ ಬಕೆಟಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲವೇ ಏಳುತ್ತದೆ, ಆಗ ಕಿಟಕಿ ತೆಗೆದು ಎಲ್ಲರೂ ಹೊರಗೆ ಓಡಬೇಕು. ಈಗ ಬಕೆಟಿನ ಮೇಲೆ ಪೇಂಟಿನಲ್ಲಿ ಎರಡು ಸಾಲು ಬರೆಸಿದ್ದೇನೆ: "ಆಸಿಡ್ ಹಾಕಬೇಡಿ. ಅರ್ಧ ಗಂಟೆ ಬ್ಲೀಚು, ಐದು ನೀರು."